ಸಾಸಿವೆ ಡಬ್ಬಿಯಲ್ಲಿ ಬೆಂಜ್ ಪಂಪು

ಆಗಸ್ಟ್ 27, 2012, ಸೋಮವಾರ

ಈ ಡೈರಿಯನ್ನು ಪೀಣ್ಯದ ಬೇರಿಂಗ್ ಅಂಗಡಿಯವರು ಜನವರಿಯಲ್ಲೇ ಕೊಟ್ಟಿದ್ದರು. ಇಷ್ಟು ದಿನ ನೀಲಾ ಇದರ ಮೇಲೆ ಬಿಸಿ ಪಾತ್ರೆ ಇಡುತ್ತಿದ್ದಳು. ರಟ್ಟಿನ ಮೇಲೆ ಚಹಾ ಪಾತ್ರೆಯ ದುಂಡು ಗುರುತು ಹಾಗೇ ಇದೆ. ಈಗ ನೀಲಾ ಇಲ್ಲ, ಚಹಾ ಸರಿಯಾಗಿ ಆಗುತ್ತಿಲ್ಲ, ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲ. ಗೋಡೆಗಿಂತ ಡೈರಿ ವಾಸಿ ಎಂದು ಬರೆಯಲು ಕೂತಿದ್ದೇನೆ.

ನಡೆದದ್ದು ಇಷ್ಟು. ಇಪ್ಪತ್ತು ವರ್ಷಕ್ಕೂ ಮೇಲೆ ಪೀಣ್ಯದ ವರ್ಕ್‌ಶಾಪಿನಲ್ಲಿ ಡೀಸೆಲ್ ಪಂಪು ಬಿಚ್ಚಿ ಜೋಡಿಸಿದವನು ನಾನು. ಈಗಿನ ಗಾಡಿಗಳಿಗೆಲ್ಲ ಕಂಪ್ಯೂಟರ್ ಪಂಪು. ಹಳೇ ಪಂಪಿನ ಕೋಣೆ ಮುಚ್ಚಿದರು, ಕೌಂಟರಿನಲ್ಲಿ ನಿಂತು ಫಿಲ್ಟರ್ ಕೊಡು ಎಂದು ನನಗೆ ಹೇಳಿದರು. ನನ್ನಿಂದಾಗದು ಎಂದು ಎದ್ದು ಬಂದುಬಿಟ್ಟೆ. ನೀಲಾಳಿಗೆ ಹೇಳಲಿಲ್ಲ. ಬೇರೆ ಕೆಲಸ ಸಿಕ್ಕ ಮೇಲೆ ಹೇಳಿದರಾಯಿತು, ಸುಮ್ಮನೆ ಅವಳ ತಲೆ ಯಾಕೆ ಕೆಡಿಸಬೇಕು ಎಂದುಕೊಂಡೆ. ಬೆಳಿಗ್ಗೆ ಎಂದಿನಂತೆ ಡಬ್ಬಿ ಹಿಡಿದು ಹೊರಡುತ್ತಿದ್ದೆ. ಗೊರಗುಂಟೆಪಾಳ್ಯದ ಬಸ್ ನಿಲ್ದಾಣದಲ್ಲಿ ಕೂತು ಉಂಡು ಸಂಜೆಗೆ ವಾಪಸ್ಸಾಗುತ್ತಿದ್ದೆ. ಮಧ್ಯಾಹ್ನ ಉಂಡ ಮೇಲೆ ಫೋನಿನಲ್ಲಿ ಒಂದು ರಿಂಗ್ ಕೊಟ್ಟು ಕಟ್ ಮಾಡುವುದು ನಮ್ಮಿಬ್ಬರ ಹಳೇ ಪದ್ಧತಿ. 'ಉಂಡೆ' ಎಂದು ಅರ್ಥ. ಅದನ್ನೂ ತಪ್ಪಿಸಲಿಲ್ಲ. ಕೊನೆಗೆ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಯಮನಪ್ಪನ ಹೆಂಡತಿ ಹೊಳೆವ್ವ ಸಂತೆಯಲ್ಲಿ ನೀಲಾಳಿಗೆ ಸಿಕ್ಕಿ ಎಲ್ಲ ಒದರಿಬಿಟ್ಟಳು.

"ನಸುಕಿನ್ಯಾಗ ಎದ್ದು ರೊಟ್ಟಿ ಬಡದು ಡಬ್ಬಿ ಕಟ್ಟಿದ್ನೆಲ್ಲ, ಯಾರಿಗೆ ಕಟ್ಟಿದೆ ನಾನು?" ಎಂದು ಕೇಳಿದಳು ನೀಲಾ. ನನಗೇ ಅಲ್ಲವೇ ಕಟ್ಟಿದ್ದು? ಉಂಡವನೂ ನಾನೇ. ಇದರಲ್ಲಿ ಸುಳ್ಳೆಲ್ಲಿ ಬಂತು? ಅವಳು ಚೀಲ ತುಂಬಿಕೊಂಡು ಗುಳೇದಗುಡ್ಡಕ್ಕೆ, ತವರಿಗೆ ಹೋದಳು. ಈಗ ಮಧ್ಯಾಹ್ನ ಅಲ್ಲಿಂದ ಒಂದು ರಿಂಗ್ ಕೊಡುತ್ತಾಳೆ. ನಾನು ತಿರುಗಿ ಕೊಡುವುದಿಲ್ಲ. ತಪ್ಪು ನನ್ನದಲ್ಲ. ದಸರಾ ಮುಗಿದ ಕೂಡಲೇ ಈ ಮಾಕಳಿಯ ಮನೆ ಖಾಲಿ ಮಾಡಿ ನಾನೂ ಎಲ್ಲಿಗಾದರೂ ಹೋಗುತ್ತೇನೆ.

ಆಗಸ್ಟ್ 30, ಗುರುವಾರ

ಮನೆ ಮಾಲೀಕರು ಚಿಕ್ಕಬೈರಪ್ಪ ಗೌಡರು ಬಾಗಿಲಿಗೇ ಬಂದರು. "ಏನ್ ಬಸಲಿಂಗಪ್ಪ, ಕೂತ್ಕಂಡು ಉಂಡ್ರೆ ಕುಡ್ಕೆ ಒನ್ನೂ ಸಾಲ್ದು. ಎದ್ದು ಬಾ, ನಮ್ ಬೆಂಜ್ ನೋಡು."

ಹಿತ್ತಲಿನ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಇದೆ ಅವರ ಬೆಂಜ್ ಕಾರು. ಅರವತ್ತರ ದಶಕದ ಡೀಸೆಲ್ ಗಾಡಿ, ಹಿಂಭಾಗದಲ್ಲಿ ಮೀನಿನ ಬಾಲದ ಹಾಗೆ ಎರಡು ಕೊಂಬು. ಈ ಊರೆಲ್ಲ ದ್ರಾಕ್ಷಿ ತೋಟವಾಗಿದ್ದಾಗ, ಒಂದು ವರ್ಷ ದ್ರಾಕ್ಷಿ ಕೈಹಿಡಿದ ಖುಷಿಯಲ್ಲಿ ಒಬ್ಬ ಮಿಲ್ಲಿನ ಸಾಹುಕಾರನಿಂದ ಕೊಂಡದ್ದಂತೆ. ಅವರ ಮಗಳು ಕೃಪಾ ಹುಟ್ಟಿದ್ದು ಇದರ ಹಿಂದಿನ ಸೀಟಿನಲ್ಲೇ. ಆಸ್ಪತ್ರೆಗೆ ಹೋಗುವಾಗ ಯಶವಂತಪುರದ ರೈಲ್ವೆ ಗೇಟು ಬಿದ್ದಿತ್ತು, ಕೃಪಾ ಗೇಟು ಏಳುವವರೆಗೆ ಕಾಯಲಿಲ್ಲ. ಆಕೆ ಈಗ ಮದುವೆಯಾಗಿ ಮೈಸೂರಿನಲ್ಲಿದ್ದಾಳೆ.

ಮೂರು ವರ್ಷದ ಹಿಂದೆ ವಿಜಯದಶಮಿಗೆ ಗೌಡರು, ಅವರ ಹೆಂಡತಿ ವಸಂತಮ್ಮ ನೆಲಮಂಗಲಕ್ಕೆ, ಆಯಮ್ಮನ ತಮ್ಮ ಪಾಪಯ್ಯನ ಮನೆಗೆ ಹೊರಟಿದ್ದರು. ಅರ್ಧ ದಾರಿಯಲ್ಲಿ ಕಾರು ನಿಂತಿತು, ಮತ್ತೆ ಏಳಲಿಲ್ಲ. ಹಿಂದಿನ ವಾರ ಪಾಪಯ್ಯ ತನ್ನ ಡ್ರಮ್ಮಿನಿಂದ ಒಂದು ಕ್ಯಾನು ಡೀಸೆಲ್ ಕೊಟ್ಟಿದ್ದನಂತೆ. ಅದರಲ್ಲಿ ಸೀಮೆಎಣ್ಣೆ ಬೆರೆಸಿದ್ದ ಎಂದು ಗೌಡರು ನಡುರಸ್ತೆಯಲ್ಲಿ ನಿಂತು ಪಾಪಯ್ಯನಿಂದ ಹಿಡಿದು ಅವನ ಮುತ್ತಜ್ಜನವರೆಗೆ ಎಲ್ಲರನ್ನೂ ಬೈದರು. ಅಂದಿನಿಂದ ಪಾಪಯ್ಯ ಇತ್ತ ಕಾಲಿಟ್ಟಿಲ್ಲ. ವಸಂತಮ್ಮ ಗಂಡನ ಜೊತೆ ಮಾತಾಡಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಈ ಮನೆಯಲ್ಲಿ ಮೂರು ವರ್ಷದಿಂದ ದಿನವೂ ಉಣ್ಣುತ್ತಿದ್ದಾರೆ, ಮಲಗುತ್ತಿದ್ದಾರೆ, ಜಗಳ ಮಾತ್ರ ಎದ್ದೇ ಕೂತಿದೆ.

ಕಾಫಿ ಕುಡಿಯುವಾಗ ಕಣ್ಣಾರೆ ಕಂಡೆ. ಗೌಡರು ಮೊಳದೂರದಲ್ಲಿ ಕೂತಿದ್ದರೂ ಆಯಮ್ಮ ನನ್ನ ಕಡೆ ತಿರುಗಿ, "ಬಸಲಿಂಗಪ್ಪ, ಅವ್ರಿಗೇಳು, ಬಿಪಿ ಮಾತ್ರೆ ತಗಂಡಿಲ್ಲ ಅಂತ" ಎಂದರು. ಗೌಡರು ಚಾವಣಿ ನೋಡುತ್ತ, "ಆಮ್ಯಾಕೆ ತಗತಾರಂತೆ ಅಂತ ಏಳಪ್ಪ" ಎಂದರು. ಮೊದಲು ಈ ಕೆಲಸ ಮನೆಯ ಹಸುವಿನದಾಗಿತ್ತಂತೆ. ಹಸು ಮಾರಿದ ಮೇಲೆ ಬಾಗಿಲ ಕಂಬದ್ದು. ಈಗ ನನ್ನ ಪಾಲಿಗೆ ಬಂದಿದೆ.

ಹೊರಡುವಾಗ ಗೌಡರು ಖಡಾಖಂಡಿತವಾಗಿ ಹೇಳಿದರು. "ಆಯುಧಪೂಜೆ ದಿನ ಅದು ತಾನಾಗೇ ನಿಂಬೆಅಣ್ಣಿನ ಮ್ಯಾಲೆ ಅತ್ಬೇಕು. ಇಲ್ಲಾಂದ್ರೆ ಅಬ್ಬ ಮುಗೀತಿದ್ದಂಗೆ ಗುಜ್ರಿಯೋನು ಬತ್ತಾನೆ. ಆ ಜಾಗದಾಗೆ ರೂಮು ಕಟ್ಟುಸ್ತೀನಿ."

ಗೌಡರು ಅತ್ತ ಹೋದ ಮೇಲೆ ವಸಂತಮ್ಮ ಹತ್ತಿರ ಬಂದರು. "ಎಂಗಾದ್ರೂ ಮಾಡಪ್ಪ. ಅದೂ ಓದ್ರೆ, ಈ ಮನೇಲಿ ನಮ್ಮಿಬ್ರುದೂ ಅಂತ ಇನ್ನೇನೂ ಉಳ್ಯಾಕಿಲ್ಲ."

ಹೂಂ ಅಂದೆ. ಹೇಗೂ ದಸರಾವರೆಗೆ ಇರುತ್ತೇನಲ್ಲ.

ಸೆಪ್ಟೆಂಬರ್ 2, ಭಾನುವಾರ

ಪಂಪು ಇಳಿಸಿದೆ. ಗೌಡರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಒಂದೊಂದು ನಟ್ಟಿಗೂ ಒಂದೊಂದು ಸಲಹೆ ಕೊಟ್ಟರು. ಒಂದೂ ಬಿಡಲಿಲ್ಲ. ಅವರು ಊಟಕ್ಕೆ ಎದ್ದು ಹೋದಾಗ ಎಲ್ಲ ಬಿಟ್ಟವು.

ಎಂಥ ಪಂಪು! ನೋಡಿಯೇ ಹೊಟ್ಟೆ ತುಂಬಿತು. ಒಳಗೆ ಸಾಲಾಗಿ ನಾಲ್ಕು ಉಕ್ಕಿನ ಕಡ್ಡಿ, ನಾವು ಪ್ಲಂಜರ್ ಅನ್ನುತ್ತೇವೆ. ಒಂದೊಂದೂ ತನ್ನ ಕೊಳವೆಯೊಳಗೆ ಮೇಲೆ ಕೆಳಗೆ ಆಡುತ್ತ ಇಂಜಿನ್ನಿಗೆ ಡೀಸೆಲ್ ಒತ್ತಬೇಕು. ಕಡ್ಡಿಗೂ ಕೊಳವೆಗೂ ನಡುವೆ ಕೂದಲೆಳೆಯೂ ತೂರದು. ಎರಡನ್ನೂ ಒಟ್ಟಿಗೇ ತಿಕ್ಕಿ ಹೊಂದಿಸಿರುತ್ತಾರೆ, ಇದರ ಕಡ್ಡಿ ಅದರ ಕೊಳವೆಗೆ ಆಗಿಬರುವುದಿಲ್ಲ. ನಾಲ್ಕನ್ನೂ ತಿರುಗಿಸುವುದು ಮಾತ್ರ ಒಂದೇ ಹಲ್ಲುಪಟ್ಟಿ. ಒಂದು ಹಟ ಹಿಡಿದರೆ ಮಿಕ್ಕ ಮೂರು ಎಷ್ಟು ಚೆನ್ನಾಗಿದ್ದರೂ ಪಂಪು ಕೆಲಸ ಮಾಡದು. ಇಲ್ಲಿ ಹಟ ಹಿಡಿದಿರುವುದು ಮೂರನೆಯದು. ಕಡ್ಡಿ ಕೊಳವೆ ಕಚ್ಚಿಕೊಂಡು ಒಂದೇ ಆಗಿಬಿಟ್ಟಿವೆ.

ಜೋಡಿಗಳು ಒಂದಕ್ಕೊಂದು ಬೆರೆಯಬಾರದು, ಬಟ್ಟೆ ತಾಗಬಾರದು. ವರ್ಕ್‌ಶಾಪಿನಲ್ಲಾದರೆ ಅದಕ್ಕೆಂದೇ ತಟ್ಟೆಗಳಿದ್ದವು. ಇಲ್ಲೇನಿದೆ ಎಂದು ಹುಡುಕಿದಾಗ ಅಡುಗೆಮನೆಯಲ್ಲಿ ನೀಲಾಳ ಸಾಸಿವೆ ಡಬ್ಬಿ ಕಂಡಿತು. ಸ್ಟೀಲಿನದು, ಒಳಗೆ ಏಳು ಬಟ್ಟಲು, ಮೇಲೆ ಬಿಗಿಯಾದ ಮುಚ್ಚಳ. ಪಂಪಿನ ಕೆಲಸಕ್ಕೆಂದೇ ಮಾಡಿಸಿದಂತಿದೆ. ಸಾಸಿವೆ, ಜೀರಿಗೆ, ಅರಿಶಿನ ಎಲ್ಲವನ್ನೂ ಕಾಗದದಲ್ಲಿ ಕಟ್ಟಿಟ್ಟೆ. ಬಟ್ಟಲಿಗೊಂದು ಜೋಡಿ ಹಾಕಿ ಮುಳುಗುವಷ್ಟು ಡೀಸೆಲ್ ಸುರಿದೆ. ನೀಲಾ ಇದ್ದಿದ್ದರೆ ಸೌಟು ಹಿಡಿದು ಬರುತ್ತಿದ್ದಳು. ಇಲ್ಲದ್ದೇ ಒಳ್ಳೆಯದಾಯಿತು.

ಸೆಪ್ಟೆಂಬರ್ 5, ಬುಧವಾರ

ಮೂರನೆಯದು ಬರಲಿಲ್ಲ. ರಿಂಗ್ ಬಂತು. ನಾನು ಕೊಡಲಿಲ್ಲ.

ಸೆಪ್ಟೆಂಬರ್ 11, ಮಂಗಳವಾರ

ಮೂರನೆಯದನ್ನು ಸೀಮೆಎಣ್ಣೆ, ಪವರ್ ಸ್ಟೀರಿಂಗ್ ಎಣ್ಣೆ ಬೆರೆಸಿ ನೆನೆಹಾಕಿದ್ದೇನೆ. ಯಮನಪ್ಪ ಬಂದಿದ್ದ. "ಸುತ್ತಿಗಿ ತಗೊಂಡು ಒಂದ ಏಟ ಹಾಕಲೇ" ಎಂದ. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿ ಇವನು ಕಲಿತದ್ದು ಇದು. ಏಟು ಹಾಕಿದರೆ ಕಡ್ಡಿ ಬರುತ್ತದೆ, ಎರಡು ತುಂಡಾಗಿ. ನೆನೆಯಬೇಕು, ಕಾಯಬೇಕು ಎಂದೆ.

"ಪಂಪಿಗೆ ಇಷ್ಟ ತಾಳ್ಮಿ ಐತಿ ನಿನ್ನ ಹತ್ರ. ನೀಲವ್ವಗ ಒಂದ ಫೋನ್ ಮಾಡಾಕ ಆಗೂದಿಲ್ಲೇನ?" ಎಂದ. ಚಹಾ ಆರಿ ಹೋಗುತ್ತದೆ, ಕುಡಿ ಎಂದೆ.

ಮಧ್ಯಾಹ್ನದ ಊಟ ಈಗ ಗೌಡರ ಮನೆಯಲ್ಲೇ. ವಸಂತಮ್ಮ ಕೇಳುವುದೂ ಇಲ್ಲ, ತಟ್ಟೆ ಹಾಕಿಬಿಡುತ್ತಾರೆ. ರಾಗಿ ಮುದ್ದೆಯನ್ನು ಅಗಿಯಬಾರದಂತೆ, ನುಂಗಬೇಕಂತೆ. ಜೋಳದ ರೊಟ್ಟಿಯ ಊರಿನವನಿಗೆ ಇದು ಸುಲಭವೇ? ನಾನು ಅಗಿಯುವುದು ಕಂಡು ಗೌಡರು ಗಹಗಹಿಸಿ ನಕ್ಕರು. ಒಳಗಿನಿಂದ ವಸಂತಮ್ಮನ ದನಿ ಬಂತು. "ಬಸಲಿಂಗಪ್ಪ, ನಗ್ತಾವ್ರಲ್ಲ ಅವ್ರಿಗೇಳು, ಧಾರವಾಡದಾಗೆ ಕಟಕ್ ರೊಟ್ಟಿ ತಿನ್ನಕ್ಕೋಗಿ ಅಲ್ಲು ಮುರ್ಕಂಡಿದ್ದು ಯಾರು ಅಂತ!" ಗೌಡರು ನಗು ನಿಲ್ಲಿಸಿ ಸಾರು ಸುರಿದುಕೊಂಡರು.

ಸೆಪ್ಟೆಂಬರ್ 19, ಬುಧವಾರ, ಗಣೇಶನ ಹಬ್ಬ

ಬಂತು! ಬಂತು! ಬಂತು!

ವಸಂತಮ್ಮ ಕಡುಬು ಬೇಯಿಸಲು ದೊಡ್ಡ ಹಂಡೆಯಲ್ಲಿ ನೀರು ಕುದಿಸಿದ್ದರು. ಕಡುಬೆಲ್ಲ ಆದ ಮೇಲೆ ಆ ಬಿಸಿನೀರಿನಲ್ಲಿ ನನ್ನ ಎಣ್ಣೆ ಡಬ್ಬ ಇಳಿಬಿಟ್ಟೆ, ಒಳಗೆ ಮೂರನೇ ಜೋಡಿ. ಚೆನ್ನಾಗಿ ಕಾದ ಮೇಲೆ ತೆಗೆದು ಮರದ ಕಡ್ಡಿಯಿಂದ ಕೆಳಗಿನಿಂದ ಮೆಲ್ಲಗೆ ತಟ್ಟಿದೆ. ಮೊದಲು ಒಂದಿಷ್ಟೇ ಅಲುಗಿತು. ಮತ್ತೆ ಎಣ್ಣೆ, ಮತ್ತೆ ಬಿಸಿ, ಮತ್ತೆ ತಟ್ಟು. ಆಮೇಲೆ ಬೆಣ್ಣೆಯ ಹಾಗೆ ಜಾರಿ ಅಂಗೈಗೆ ಬಂದು ಬಿತ್ತು. ನಾನು ಕೂಗಿದ್ದಕ್ಕೆ ಗೌಡರ ನಾಯಿ ಬೊಗಳಿತು. ಗೌಡರು ಬಾಯಲ್ಲಿ ಕಡುಬು ಇಟ್ಟುಕೊಂಡೇ ಓಡಿ ಬಂದರು.

ಕಡ್ಡಿಯ ಮೇಲೆ ಕಂದು ಕಲೆ ಇದೆ. ತುಕ್ಕು. ಸೀಮೆಎಣ್ಣೆಯಿಂದ ತುಕ್ಕು ಹಿಡಿಯುವುದಿಲ್ಲ. ಹಿಡಿಯುವುದು ನೀರಿನಿಂದ. ಈ ನೀರು ಎಲ್ಲಿಂದ ಬಂತು?

ಇರಲಿ. ಉಕ್ಕು ಉಜ್ಜುವ ನಯವಾದ ಪೇಸ್ಟು ಹಚ್ಚಿ ಕೈಯಿಂದಲೇ ತಿಕ್ಕಿದರೆ ಹೋಗುವ ಕಲೆ. ಮಧ್ಯಾಹ್ನ ರಿಂಗ್ ಬಂದಾಗ ಕೈಯೆಲ್ಲ ಎಣ್ಣೆ, ಇಲ್ಲದಿದ್ದರೆ ಇವತ್ತು ಒಂದು ಕೊಡುತ್ತಿದ್ದೆನೇನೋ, ಹಬ್ಬ ಅಂತ.

ಸೆಪ್ಟೆಂಬರ್ 25, ಮಂಗಳವಾರ

ಕೊಳವೆಯನ್ನು ವಾರೆ ಹಿಡಿದು, ಕಡ್ಡಿಯನ್ನು ಅರ್ಧ ಎಳೆದು ಕೈಬಿಟ್ಟರೆ, ಅದು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಒಳಗಿಳಿಯಬೇಕು. ದಡಕ್ಕನೆ ಬಿದ್ದರೆ ಸವೆದಿದೆ ಎಂದರ್ಥ. ನಿಂತರೆ ಇನ್ನೂ ಕಲೆ ಇದೆ ಎಂದರ್ಥ. ಇವತ್ತು ಮೂರನೆಯದು ಇಳಿಯಿತು. ಅದನ್ನೇ ಹತ್ತಾರು ಸಲ ಮಾಡಿ ನೋಡುತ್ತ ಕೂತೆ. ಬೇರೆ ಏನೂ ಕೆಲಸ ಮಾಡಲಿಲ್ಲ. ಸುಖವಾದ ದಿನ.

ಸೆಪ್ಟೆಂಬರ್ 28, ಶುಕ್ರವಾರ

ಕಾರಿನ ಟ್ಯಾಂಕು ತೊಳೆದೆ. ತಳದಲ್ಲಿ ಡೀಸೆಲ್ಲಿಗಿಂತ ನೀರೇ ಹೆಚ್ಚಿತ್ತು. ಜಾಲರಿಗೆ ಕಪ್ಪಗಾದ ಸಣ್ಣ ಸಣ್ಣ ಕಡ್ಡಿಗಳು ಅಂಟಿದ್ದವು. ಗೌಡರಿಗೆ ತೋರಿಸಿದೆ, ಯಾಕೆ ತೋರಿಸಿದೆನೋ. "ನೋಡ್ದಾ? ಪಾಪಯ್ಯನ ಡ್ರಮ್ಮಿನ ಕಸ! ನಾನೇಳಿದ್ದು ಸುಳ್ಳಾ?" ಎಂದು ಹಿಗ್ಗಿದರು. ಆ ಹಿಗ್ಗಿನಲ್ಲೇ ಆಂಜನೇಯನ ಗುಡಿಗೆ ಹೊರಟರು.

ಸಂಜೆ ಟ್ಯಾಂಕನ್ನು ಮತ್ತೆ ಕೂರಿಸಿ ಕೈ ತೊಳೆಯುತ್ತಿದ್ದೆ. ವಸಂತಮ್ಮ ಪೂಜೆ ಮುಗಿಸಿ ಪಂಚಪಾತ್ರೆ ಹಿಡಿದು ಬಂದರು. ನನ್ನ ಅಂಗೈಗೆ ಒಂದು ಉದ್ಧರಣೆ ತೀರ್ಥ ಕೊಟ್ಟರು. ನೇರ ಕಾರಿನ ಹಿಂದಕ್ಕೆ ಹೋಗಿ, ದಿನವೂ ಮಾಡುವವರ ಹಾಗೆ ಟ್ಯಾಂಕಿನ ಮುಚ್ಚಳ ತಿರುಗಿಸತೊಡಗಿದರು. ನಾನು ಅಂಗೈ ನೋಡಿಕೊಂಡೆ. ತೀರ್ಥದಲ್ಲಿ ತುಳಸಿಯ ಕಡ್ಡಿ.

"ಅಮ್ಮಾರ!" ಎಂದು ಕಿರುಚಿದೆ. ಅವರು ಬೆಚ್ಚಿದರು, ತೀರ್ಥ ನೆಲಕ್ಕೆ ಬಿತ್ತು. "ಏನಿಲ್ರಿ, ಟ್ಯಾಂಕಿನ ಬಣ್ಣ ಇನ್ನಾ ಹಸಿ ಐತ್ರಿ" ಎಂದೆ. ಬಾಯಿಗೆ ಬಂದದ್ದು ಅದು.

"ಪ್ರತಿ ಶುಕ್ರವಾರ ಇದಕ್ಕೂ ಒಂದು ಉದ್ಧರಣೆ ಕೊಡ್ತೀನಪ್ಪ" ಎಂದರು ಸಮಾಧಾನವಾಗಿ. "ಇದಕ್ಕೂ ಒಂದು ಬಾಯಿ ಐತಲ್ಲ. ಶಿವಗಂಗೆ ಒಳಕಲ್ ತೀರ್ಥ ಬೆರ್ಸಿರೋದು."

ಯಾವಾಗಿನಿಂದ ಎಂದು ಕೇಳಿದೆ.

"ರೋಡು ಅಗಲ ಮಾಡಿದ್ರಲ್ಲ, ಆವಾಗಿಂದ. ಆ ಲಾರಿಗಳ ಮಧ್ಯೆ ಇವ್ರು ಓಡುಸ್ಕಂಡು ಓಯ್ತಿದ್ರು, ನಂಗೆ ಎದೆ ಡವಡವ ಅನ್ನದು. ಬ್ಯಾಡ ಅಂದ್ರೆ ಕೇಳೋ ಜೀವವಾ ಅದು? ಅವ್ರಿಗೆ ಏಳಾದು ಬಿಟ್ಟು ದೇವ್ರಿಗೆ ಬಿಟ್ಟೆ. ನೋಡು, ಒಂದು ಗೀರೂ ಬೀಳ್ಲಿಲ್ಲ ಅವ್ರ ಮೈಮ್ಯಾಲೆ."

ಸೆಪ್ಟೆಂಬರ್ 30, ಭಾನುವಾರ

ತಲೆ ಕೆಟ್ಟು ಹೋಗಿದೆ. ಹೇಳಿದರೆ ಆಯಮ್ಮನ ಎದೆ ಒಡೆಯುತ್ತದೆ. ಗೌಡರಿಗೆ ಗೊತ್ತಾದರೆ, ಪಾಪಯ್ಯನನ್ನು ಮೂರು ವರ್ಷ ಬೈದ ಬಾಯಿ ಈಗ ಇತ್ತ ತಿರುಗುತ್ತದೆ. ಹೇಳದಿದ್ದರೆ ಮತ್ತೆ ಶುಕ್ರವಾರ ಬರುತ್ತದೆ, ಮತ್ತೆ ತೀರ್ಥ, ಮತ್ತೆ ತುಕ್ಕು. ನಾನು ಪಂಪು ರಿಪೇರಿ ಮಾಡುವವನು, ಸಂಸಾರ ರಿಪೇರಿ ಮಾಡುವವನಲ್ಲ.

ಆಯಮ್ಮ ಹೇಳದೆ ಇಟ್ಟುಕೊಂಡದ್ದು ಗಂಡನ ಒಳ್ಳೆಯದಕ್ಕೇ. ಆದರೆ ಒಳ್ಳೆಯದಕ್ಕೆ ಮುಚ್ಚಿಟ್ಟರೂ ತುಕ್ಕು ತುಕ್ಕೇ. ಮೊದಲೇ ಬಾಯಿಬಿಟ್ಟು, ನನಗೆ ಭಯವಾಗುತ್ತದೆ ಎಂದು ಗಂಡನಿಗೇ ಹೇಳಿದ್ದರೆ ಏನು ಹೋಗುತ್ತಿತ್ತು? ಈ ಜನಕ್ಕೆ ಇಷ್ಟು ಸಣ್ಣ ವಿಷಯ ಯಾಕೆ ತಿಳಿಯುವುದಿಲ್ಲವೋ.

ಅಕ್ಟೋಬರ್ 6, ಶನಿವಾರ

ಕಾವೇರಿ ಗಲಾಟೆಯ ಬಂದ್. ತುಮಕೂರು ರಸ್ತೆಯಲ್ಲಿ ಒಂದು ಗಾಡಿಯಿಲ್ಲ, ಹಕ್ಕಿಗಳ ಸದ್ದು ಕೇಳಿತು. ನಿನ್ನೆ ಶುಕ್ರವಾರವೂ 'ಬಣ್ಣ ಹಸಿ' ಎಂದು ಹೇಳಿ ಪಾರಾದೆ. ಎಷ್ಟು ದಿನ ಹಸಿ ಇರುತ್ತದೆ ಬಣ್ಣ?

ನಿನ್ನೆ ಮಧ್ಯಾಹ್ನ ರಿಂಗ್ ಬರಲಿಲ್ಲ. ಇವತ್ತೂ ಬರಲಿಲ್ಲ. ಫೋನು ಕೆಟ್ಟಿದೆಯೇನೋ ಎಂದು ಗೌಡರ ಫೋನಿನಿಂದ ನನ್ನದಕ್ಕೆ ಮಾಡಿ ನೋಡಿದೆ, ಕೆಟ್ಟಿರಲಿಲ್ಲ. ಅತ್ತೆಗೆ ಏನಾದರೂ ಆಯಿತೇ, ಇವಳಿಗೇ ಏನಾದರೂ ಆಯಿತೇ? ಸಂಜೆ ತಡೆಯಲಾಗದೆ ನಾನೇ ಹಚ್ಚಿದೆ. ಪೂರ್ತಿ ಕರೆ, ರಿಂಗ್ ಅಲ್ಲ.

"ಯಾಕ ರಿಂಗ್ ಕೊಡ್ಲಿಲ್ಲ?" ಎಂದೆ. ಬೈದ ಹಾಗೇ ಕೇಳಿತು ನನಗೇ.

"ಎರಡ ದಿನದಿಂದ ಕರೆಂಟ್ ಇಲ್ರಿ. ಈಗ ಬಾಜೂ ಊರಾಗ ಚಾರ್ಜ್ ಮಾಡಿಸಿ ತಂದೀವಿ." ಆಮೇಲೆ ಕೇಳಿದಳು. "ನೀವು ದಾರಿ ಕಾಯ್ತಿದ್ರೇನು?"

ನಾನೇಕೆ ಕಾಯಲಿ ಎಂದೆ. ಆಮೇಲೆ ಬೇರೆ ಏನು ಹೇಳುವುದು ತಿಳಿಯದೆ ಪಂಪಿನ ಕಥೆ ಹೇಳಿದೆ. ಮೂರನೇ ಪ್ಲಂಜರ್, ಕಡುಬಿನ ಹಂಡೆ, ತುಳಸಿ ಕಡ್ಡಿ ಎಲ್ಲ. ಅವಳು ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು.

"ಪಾಪ, ಅಂಜಿಕ್ಯಾಗ ಮಾಡ್ಯಾರ. ಹೇಳಿಬಿಡ್ರಿ ಅವ್ರಿಗೆ. ಖರೆ ಹೇಳಿದ್ರ ಒಂದ ದಿನ ಅಳತಾರ. ಹೇಳ್ಲಿಲ್ಲಂದ್ರ ನಾಳೆ ಮಂದಿ ಬಾಯಿಂದ ಕೇಳಿ ದಿನಾ ಅಳತಾರ."

ಆಮೇಲೆ ಅವಳೇ ಕೇಳಿದಳು. "ಆ ಬಸ್‌ಸ್ಟಾಪಿನ್ಯಾಗ ಒಬ್ರ ಕುಂತು ಉಣ್ಣಾಗ ಏನ ಅನಸ್ತಿತ್ರಿ ನಿಮಗ?"

"ನಿನಗ ಹೇಳಿದ್ರ ಚಲೋ ಇತ್ತು ಅನಸ್ತಿತ್ತು. ಡಬ್ಬಿ ಮಾತ್ರ ಒಂದ ತುತ್ತೂ ಚೆಲ್ಲಿಲ್ಲ, ನೀಲಾ."

ಆ ಕಡೆ ಮೂಗೆಳೆದ ಸದ್ದು. "ಅಡಗಿ ಮಾಡ್ಕೋಳಾಕತ್ತೀರಿಲ್ಲೋ? ಸಾಸಿವಿ ಡಬ್ಬ್ಯಾಗ ಹುಳ ಬೀಳ್ತಾವ, ಬಿಸಲಿಗೆ ಇಡ್ರಿ."

"ಹುಳ ಬೀಳೂದಿಲ್ಲ, ಎಣ್ಣ್ಯಾಗ ಇಟ್ಟೀನಿ" ಎಂದುಬಿಟ್ಟೆ.

"ಎಣ್ಣ್ಯಾಗ?"

ಚಾರ್ಜ್ ಮುಗಿಯಿತು ಎಂದು ಫೋನಿಟ್ಟೆ.

ಅಕ್ಟೋಬರ್ 12, ಶುಕ್ರವಾರ

ಹೇಳಿದೆ. ಪೂಜೆಗೆ ಮುಂಚೆಯೇ, ಗೌಡರು ಇಲ್ಲದ ಹೊತ್ತಿನಲ್ಲಿ. ಸುತ್ತು ಬಳಸದೆ ಟ್ಯಾಂಕಿನ ಜಾಲರಿ ತೋರಿಸಿದೆ, ತುಳಸಿ ಕಡ್ಡಿ ತೋರಿಸಿದೆ. ನೀರು ಹೋದರೆ ಪಂಪಿಗೆ ಏನಾಗುತ್ತದೆ ಎಂದು ತಿಳಿಸಿದೆ.

ವಸಂತಮ್ಮ ಕಾರಿಗೆ ಒರಗಿಕೊಂಡು ಕೂತುಬಿಟ್ಟರು. "ನಾನೇ ಕೊಂದ್ನಾ ಇದ್ನ? ಪಾಪಯ್ಯಂದು ತಪ್ಪಿಲ್ವಾ?" ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅವ್ನ ಬೈದಾಗೆಲ್ಲ ನಾನು ಇವ್ರ ಮ್ಯಾಲೆ ಅಲ್ಲು ಕಡಿತಿದ್ನಲ್ಲಪ್ಪ."

ನನಗೆ ಅಳುವವರನ್ನು ಸಂತೈಸಲು ಬರುವುದಿಲ್ಲ. ಬಾನೆಟ್ ಎತ್ತಿದೆ. "ಸತ್ತಿಲ್ರಿ ಅಮ್ಮಾರ, ಅದು ಬದುಕೈತಿ. ಕಾರಿಗೆ ಎರಡು ಬಾಯಿ ಅದಾವ್ರಿ. ಹಿಂದಿಂದು ಡೀಸೆಲ್ ಕುಡಿಯೂದು. ತೀರ್ಥ ಕುಡಿಯೂ ಬಾಯಿ ಇಲ್ಲಿ ಮುಂದ ಐತ್ರಿ" ಎಂದು ರೇಡಿಯೇಟರಿನ ಮುಚ್ಚಳ ತೆಗೆದು ತೋರಿಸಿದೆ. "ಇದಕ್ಕ ನೀರ ಬೇಕು. ಎಷ್ಟ ಕೊಟ್ರೂ ಬ್ಯಾಡ ಅನ್ನೂದಿಲ್ಲ."

ಅವರು ಒಳಗೆ ಇಣುಕಿ ನೋಡಿದರು, ಬಾವಿ ಇಣುಕಿದ ಹಾಗೆ. ಆಮೇಲೆ ಕಣ್ಣೊರೆಸಿಕೊಂಡರು. "ಅವ್ರಿಗೆ ನಾನೇ ಏಳ್ತೀನಿ. ನೀನು ಬಾಯಿ ಬಿಡಬ್ಯಾಡ" ಎಂದರು.

ಮಧ್ಯಾಹ್ನ ರಿಂಗ್ ಬಂತು. ಕೊಟ್ಟೆ.

ಅಕ್ಟೋಬರ್ 18, ಗುರುವಾರ

ಪಂಪು ಜೋಡಿಸಿ ಪೀಣ್ಯಕ್ಕೆ ಒಯ್ದೆ. ವರ್ಕ್‌ಶಾಪಿನ ಹಳೇ ಟೆಸ್ಟ್ ಬೆಂಚು ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು. ಮಾಲೀಕರೇ ಬಂದು, ಮಾಡಿಕೊಳ್ಳಿ ಬಸಲಿಂಗಪ್ಪ ಎಂದರು. ಯಮನಪ್ಪ ಮೋಟಾರು ಹಾಕಿದ. ನಾಲ್ಕು ಗಾಜಿನ ನಳಿಗೆಗಳಲ್ಲಿ ಡೀಸೆಲ್ ಒಂದೇ ಸಮನೆ ಏರಿತು, ನಾಲ್ಕೂ ಒಂದೇ ಗೆರೆಗೆ. ಕೌಂಟರಿನ ಹುಡುಗರೂ ಬಂದು ನಿಂತು ನೋಡಿದರು.

ಯಾರೂ ಮುಟ್ಟದೆ ಬಿದ್ದಿದ್ದ ಎರಡು ಟ್ರಾಕ್ಟರ್ ಪಂಪುಗಳಿದ್ದವು, ಒಯ್ಯುತ್ತೀರಾ ಎಂದು ಮಾಲೀಕರು ಕೇಳಿದರು. ತಂದು ಗೌಡರ ಶೆಡ್ಡಿನಲ್ಲಿ ಇಟ್ಟಿದ್ದೇನೆ. ಬೋರ್‌ವೆಲ್ ಲಾರಿಯವರೂ ಒಬ್ಬರು ಕೇಳುತ್ತಿದ್ದಾರಂತೆ. ದೀಪಾವಳಿ ಆದ ಮೇಲೆ ನೋಡೋಣ ಎಂದೆ.

ವಸಂತಮ್ಮ ಇನ್ನೂ ಹೇಳಿಲ್ಲ. ದಿನವೂ ಬಾಯಿ ತೆರೆಯುತ್ತಾರೆ, ಅಷ್ಟರಲ್ಲಿ ಗೌಡರು ಪಾಪಯ್ಯನನ್ನು ಬೈಯುತ್ತಾರೆ, ಬಾಯಿ ಮುಚ್ಚುತ್ತಾರೆ. ಹಬ್ಬಕ್ಕೆ ಹೆಚ್ಚು ದಿನ ಉಳಿದಿಲ್ಲ. ಕಾರು ಓಡಿದರೂ ಇವರಿಬ್ಬರು ಹೀಗೇ ಉಳಿದರೆ ನಾನು ಮಾಡಿದ್ದು ಅರ್ಧ ರಿಪೇರಿ.

ಅಕ್ಟೋಬರ್ 20, ಶನಿವಾರ

ಇಂಜಿನ್ನಿನ ಗೆರೆಗೆ ಪಂಪಿನ ಗೆರೆ ಕೂಡಿಸಿ ಪಂಪು ಕೂರಿಸಿದೆ. ಪೈಪಿನ ಗಾಳಿ ತೆಗೆದೆ. ಈ ಕಾರನ್ನು ಸ್ಟಾರ್ಟ್ ಮಾಡಲು ಒಂದು ಗುಬುಟು ಎಳೆದು ಹಿಡಿಯಬೇಕು. ಸ್ಟೀರಿಂಗಿನ ಪಕ್ಕದ ಪುಟ್ಟ ಕಿಂಡಿಯಲ್ಲಿ ತಂತಿ ಕೆಂಪಗೆ ಕಾದ ಮೇಲೆ ಇನ್ನಷ್ಟು ಎಳೆಯಬೇಕು. ಎಳೆದೆ. ಕೆಮ್ಮಿತು. ಮತ್ತೆ ಎಳೆದೆ. ಶೆಡ್ಡು ತುಂಬ ಬಿಳಿ ಹೊಗೆ ಕಾರಿ, ಟಕಟಕಟಕ ಎಂದು ಹಿಡಿದುಕೊಂಡಿತು.

ಗೌಡರು ಹೊಗೆಯಲ್ಲಿ ನಿಂತು ಅಳುತ್ತಿದ್ದರು. ಕೇಳಿದ್ದಕ್ಕೆ ಹೊಗೆ ಎಂದರು.

ಅಕ್ಟೋಬರ್ 23, ಮಂಗಳವಾರ, ಆಯುಧಪೂಜೆ

ಎಲ್ಲವನ್ನೂ ಬರೆದಿಡಬೇಕು, ಒಂದೂ ಬಿಡಬಾರದು.

ಬೆಳಿಗ್ಗೆ ಬೆಂಜ್ ಕಾರನ್ನು ತೊಳೆದು ಅಂಗಳಕ್ಕೆ ತಂದು ನಿಲ್ಲಿಸಿದೆವು. ಬಾಳೆಕಂದು ಕಟ್ಟಿದೆವು, ಚೆಂಡುಹೂವಿನ ಹಾರ ಹಾಕಿದೆವು. ನನ್ನ ಸ್ಪ್ಯಾನರುಗಳಿಗೂ ಕುಂಕುಮ ಇಟ್ಟರು. ಗೌಡರು ಬೂದುಗುಂಬಳ ಒಡೆದು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು, ಪಂಚೆ ಎತ್ತಿ ಕಟ್ಟಿ ಸ್ಟೀರಿಂಗ್ ಮುಂದೆ ಕೂತರು. ಆಗ ವಸಂತಮ್ಮ ಪಂಚಪಾತ್ರೆ ಹಿಡಿದು ಬಂದರು. ಅಭ್ಯಾಸಬಲ, ಕಾಲು ನೇರ ಕಾರಿನ ಹಿಂದಕ್ಕೆ ನಡೆಯಿತು. ಟ್ಯಾಂಕಿನ ಮುಚ್ಚಳದ ಹತ್ತಿರ ಒಂದು ಗಳಿಗೆ ನಿಂತವರು, ತಿರುಗಿ ಮುಂದಕ್ಕೆ ಬಂದರು. ಗೌಡರ ಕಿಟಕಿಯ ಪಕ್ಕ ನಿಂತರು.

ನನ್ನ ಕಡೆ ನೋಡಲಿಲ್ಲ. ಗೌಡರನ್ನೇ ನೋಡಿ ಹೇಳಿದರು. "ರೀ, ಬಾನೆಟ್ ತೆಗೀರಿ."

ಮೂರು ವರ್ಷದಲ್ಲಿ ಮೊದಲ ಮಾತು. ಗೌಡರು ಮೊದಲು ನನ್ನ ಮುಖ ನೋಡಿದರು, ನಾನು ಹೇಳಿದೆನೇನೋ ಅನ್ನುವ ಹಾಗೆ. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಯಾಕಮ್ಮಿ?"

"ತೀರ್ಥ ಆಕ್ಬೇಕು. ಇಷ್ಟು ವರ್ಸ ಇಂದ್ಗಡೆ ಟ್ಯಾಂಕಿಗೆ ಆಕ್ತಿದ್ದೆ, ನಿಮಗೆ ಕಾಣ್ದಂಗೆ. ಅದ್ರಿಂದಾನೇ ಪಂಪು ಕಚ್ಕಂಡಿದ್ದು. ನನ್ ತಮ್ಮ ಏನೂ ಬೆರ್ಸಿರ್ಲಿಲ್ಲ." ಪಂಚಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಬೈಯೋದಿದ್ರೆ ನನ್ನ ಬೈರಿ."

ಗೌಡರ ಮುಖ ಕೆಂಪಗಾಯಿತು. ಬಾಯಿ ತೆರೆದರು. ಇನ್ನು ಮುಗಿಯಿತು ಎಂದುಕೊಂಡೆ.

"ಯಾಕ್ ಆಕ್ತಿದ್ದೆ?" ಎಂದರು.

"ನೀವು ಆ ಲಾರಿ ಮಧ್ಯೆ ಓಯ್ತಿದ್ರಲ್ಲ. ವಾಪಸ್ ಬರ್ಲಿ ಅಂತ."

ಗೌಡರು ಸ್ಟೀರಿಂಗಿನಿಂದ ಕೈ ತೆಗೆದರು. ಆಮೇಲೆ ಇಳಿದು, ಬಾನೆಟ್ ಎತ್ತಿ, ತಾವೇ ರೇಡಿಯೇಟರಿನ ಮುಚ್ಚಳ ತೆಗೆದರು. "ಆಕು" ಎಂದರು. ವಸಂತಮ್ಮ ಒಂದು ಉದ್ಧರಣೆ ಹಾಕಿದರು. "ಇನ್ನೊಂದು ಆಕು. ನೆಲಮಂಗ್ಲಕ್ಕೆ ಓಗಿ ಬರ್ಬೇಕು" ಎಂದರು ಗೌಡರು. ಆಯಮ್ಮ ಪಂಚಪಾತ್ರೆಯನ್ನೇ ಬಗ್ಗಿಸಿಬಿಟ್ಟರು.

ಮೊದಲ ಎಳೆತಕ್ಕೇ ಇಂಜಿನ್ ಹಿಡಿಯಿತು. ನಾಲ್ಕು ನಿಂಬೆಹಣ್ಣೂ ಚಟ್ ಚಟ್ ಎಂದವು. ವಸಂತಮ್ಮ ಮುಂದಿನ ಸೀಟಿನಲ್ಲಿ ಕೂತರು. ಗೇಟು ದಾಟುವಾಗ ಅವರ ದನಿ ಕೇಳಿತು. "ಮೆಲ್ಲುಕ್ ಓಡುಸ್ರಿ, ಮೆಲ್ಲುಕ್." "ಇನ್ನೇನ್ ಮಾಡ್ತಾವ್ನಿ ಮತ್ತೆ?" ಎಂದರು ಗೌಡರು. ರಸ್ತೆಗೆ ಹೋಗುವವರೆಗೆ ಅದೇ ವಾದ ನಡೆದಿತ್ತು. ಕೇಳಲು ಬಹಳ ಇಂಪಾಗಿತ್ತು.

ಸಂಜೆ ಹಿಂದಿನ ಸೀಟಿನಲ್ಲಿ ಪಾಪಯ್ಯ ಬಂದ. ದಪ್ಪ ಮೀಸೆಯ, ಮೆತ್ತಗಿನ ಮನುಷ್ಯ. ಗೌಡರು ಅವನಿಗೆ ಏನು ಹೇಳಿದರೋ ಗೊತ್ತಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು.

ನೀಲಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾಳೆ ಬನ್ನಿ ಎಲೆ ಹಂಚಿ, ಸೀಮೋಲ್ಲಂಘನ ಮುಗಿಸಿ ರಾತ್ರಿ ಬಸ್ಸು ಹತ್ತುತ್ತೇನೆ ಎಂದಳು.

ಅಕ್ಟೋಬರ್ 25, ಗುರುವಾರ

ನೀಲಾ ಬಂದಳು. ಬಾಗಲಕೋಟೆಯಿಂದ ಬರುವ ಬಸ್ಸು ಮಾಕಳಿಯಲ್ಲಿ ಬೆಳಗಿನ ಜಾವ ಇಳಿಸುತ್ತದೆ. ನಡೆದು ಹೋಗುವಷ್ಟೇ ದೂರ, ಆದರೂ ಗೌಡರು ಬೆಂಜ್ ತೆಗೆದರು. ಹಿಂದಿನ ಸೀಟಿನಲ್ಲಿ ಕೂತ ನೀಲಾಳಿಗೆ ವಸಂತಮ್ಮ, ನೀನು ಕೂತಿರೋ ಕಡೆನೇ ನಮ್ ಕೃಪಾ ಉಟ್ಟಿದ್ದು ಎಂದರು. ಅವಳು ಗಾಬರಿಯಾಗಿ ಸರಿದು ಕೂತಳು.

ಮನೆಗೆ ಬಂದವಳೇ ಸಾಸಿವೆ ಡಬ್ಬಿ ತೆರೆದಳು. ನಾನು ಐದು ಸಲ ಸೋಪಿನಲ್ಲಿ ತೊಳೆದಿದ್ದೆ. ಮೂಸಿದಳು. ಸೌಟು ಹುಡುಕಿದಳು. ನಾನು ಶೆಡ್ಡಿಗೆ ಹೋದೆ.

ಅಕ್ಟೋಬರ್ 29, ಸೋಮವಾರ

ಟ್ರಾಕ್ಟರ್ ಪಂಪು ಬಿಚ್ಚಿದೆ. ಗೌಡರು ಶೆಡ್ಡಿಗೆ ಇನ್ನೊಂದು ದೀಪ ಹಾಕಿಸಿದ್ದಾರೆ. ಬೆಂಜ್ ಒಂದು ಬದಿ, ನನ್ನ ಬೆಂಚು ಒಂದು ಬದಿ.

ಬೆಳಿಗ್ಗೆ ಹೊರಡುವಾಗ ನೀಲಾ ಡಬ್ಬಿ ಕಟ್ಟಿ ಕೈಗಿಟ್ಟಳು. ಶೆಡ್ಡು ಇಲ್ಲೇ ಹಿತ್ತಲಲ್ಲಿ, ಊಟಕ್ಕೆ ಮನೆಗೇ ಬರುತ್ತೇನಲ್ಲ, ಡಬ್ಬಿ ಯಾಕೆ ಎಂದೆ.

"ಹಿಡ್ಕೋರಿ" ಎಂದಳು. "ಎಲ್ಲಿ ಕುಂತು ಉಣ್ತೀರಿ ಅನ್ನೂದು ಈಗ ನನಗ ಇಲ್ಲಿಂದ ಕಾಣಸ್ತೈತಿ."

ಮಧ್ಯಾಹ್ನ ಬೆಂಜ್ ಕಾರಿನ ಪಕ್ಕ ಕೂತು ಡಬ್ಬಿ ಬಿಚ್ಚಿದೆ. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಒಗ್ಗರಣೆಯಲ್ಲಿ ಡೀಸೆಲ್ ವಾಸನೆ ಇತ್ತು. ತಲೆ ಎತ್ತಿದರೆ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಫೋನು. ಪೂರ್ತಿ ಖಾಲಿ ಮಾಡಿ, ಬೆರಳು ನೆಕ್ಕಿ, ಒಂದು ರಿಂಗ್ ಕೊಟ್ಟೆ.